ಮೈಸೂರಿನ ಮಹಾರಾಜರೂ ಲಂಡನ್ನಿನ ವಾದ್ಯವೃಂದವೂ

ಸಂಗೀತದ ಚರಿತ್ರೆಯನ್ನು ಬರೆಯುವವರು ಹಾಡಿದವರ ಹೆಸರನ್ನು ಬರೆಯುತ್ತಾರೆ. ನುಡಿಸಿದವರ ಹೆಸರನ್ನು ಬರೆಯುತ್ತಾರೆ. ಕೃತಿ ರಚಿಸಿದವರ ಹೆಸರನ್ನೂ ಬರೆಯುತ್ತಾರೆ. ಕೇಳಿದವರ ಹೆಸರನ್ನು ಬರೆಯುವ ವಾಡಿಕೆ ಮಾತ್ರ ಇಲ್ಲ. ಮಾದನಹಿಪ್ಪರಗಾದ ಶಿವಲಿಂಗೇಶ್ವರ ಮಠದಲ್ಲಾಗಲಿ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಇನ್ನಾವ ಊರಿನ ಗುಡಿಯಲ್ಲಾಗಲಿ ಭಜನೆಯ ಮೇಳ ಕೂತಿತೆಂದರೆ ಹಾಡುವವರು ನಾಲ್ಕು ಮಂದಿ ಇರುತ್ತಾರೆ. ಆದರೆ ಜಮಖಾನೆ ಹಾಸಿದವರು, ದೀಪಕ್ಕೆ ಎಣ್ಣೆ ಕೊಟ್ಟವರು, ಹಾರ್ಮೋನಿಯಂ ಕೊಡಿಸಿದವರು, ಸರಿರಾತ್ರಿಯವರೆಗೆ ಕೂತು ತಲೆದೂಗಿದವರು ಬೇರೆ ಇರುತ್ತಾರೆ. ಅವರಿಲ್ಲದಿದ್ದರೆ ಹಾಡುವ ನಾಲ್ವರೂ ಹೊಲದ ಕೆಲಸ ಮುಗಿಸಿ ಮನೆಯಲ್ಲೇ ಮಲಗುತ್ತಿದ್ದರು.

ಇಂದು ನಾನು ಹೇಳಹೊರಟಿರುವುದು ಹೀಗೆ ದೀಪಕ್ಕೆ ಎಣ್ಣೆ ಕೊಟ್ಟ ಒಬ್ಬ ಕೇಳುಗರ ಕಥೆಯನ್ನು. ಆ ದೀಪ ಉರಿದದ್ದು ಸುಮಾರು ಐದು ಸಾವಿರ ಮೈಲಿಯಾಚೆಯ ಲಂಡನ್ನಿನಲ್ಲಿ. ಎಣ್ಣೆ ಹೋದದ್ದು ನಮ್ಮ ಮೈಸೂರಿನಿಂದ. ಕೊಟ್ಟವರು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು.

ಕಥೆಗೆ ಮೊದಲು ಪಾಶ್ಚಾತ್ಯರ ವಾದ್ಯವೃಂದವೆಂದರೇನು ಎಂಬುದನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಕಛೇರಿಯಲ್ಲಿ ಒಬ್ಬ ಗಾಯಕ ಮುಂದೆ ಕೂರುತ್ತಾನೆ. ಪಿಟೀಲೋ ಸಾರಂಗಿಯೋ ಅವನ ಧ್ವನಿಯನ್ನೇ ಹಿಂಬಾಲಿಸುತ್ತದೆ. ಮೃದಂಗ, ತಬಲಾಗಳು ತಾಳ ಕಾಯುತ್ತವೆ. ಹೊಳೆ ಒಂದೇ, ಎಲ್ಲರೂ ಅದರಲ್ಲಿಯೇ ಈಜುವವರು. ಪಾಶ್ಚಾತ್ಯ ವೃಂದದ ರೀತಿ ಬೇರೆ. ಅಲ್ಲಿ ಎಪ್ಪತ್ತು, ಎಂಬತ್ತು, ಕೆಲವೊಮ್ಮೆ ನೂರು ಮಂದಿ ಒಟ್ಟಿಗೆ ಕೂರುತ್ತಾರೆ. ಕಮಾನಿನಿಂದ ಉಜ್ಜಿ ನುಡಿಸುವ ತಂತಿವಾದ್ಯಗಳಲ್ಲೇ ನಾಲ್ಕು ಬಗೆ ಉಂಟು: ನಮಗೆ ಪರಿಚಿತವಾದ ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ, ಎದ್ದುನಿಂತೇ ನುಡಿಸಬೇಕಾದಷ್ಟು ಎತ್ತರದ ಡಬಲ್ ಬಾಸ್. ಇವುಗಳಲ್ಲಿ ಚೆಲ್ಲೊ ಗಂಡಸಿನ ಗಂಭೀರ ಕಂಠವನ್ನು ಹೋಲುವ ವಾದ್ಯ. ಸಾರಂಗಿಯ ಮಂದ್ರದಲ್ಲಿ ನಾವು ಮೆಚ್ಚುವ ಆ ತೂಕ ಅದರಲ್ಲಿ ಉಂಟು. ಇವಲ್ಲದೆ ಕೊಳಲಿನ ಜಾತಿ, ಕಹಳೆಯ ಜಾತಿ, ನಗಾರಿಯ ಜಾತಿ ಬೇರೆ. ಇವರೆಲ್ಲರೂ ಒಂದೇ ಕ್ಷಣದಲ್ಲಿ ಬೇರೆಬೇರೆ ಸ್ವರಗಳನ್ನು ನುಡಿಸುತ್ತಾರೆ, ಆ ಸ್ವರಗಳು ಕೂಡಿ ಒಂದು ಸಂಗತಿಯಾಗುತ್ತದೆ. ಆದ್ದರಿಂದ ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಎಲ್ಲರಿಗೂ ಕಾಣುವಂತೆ ಒಬ್ಬನು ಮುಂದೆ ನಿಂತು ಕೈಯಾಡಿಸಿ ನಡೆಸಬೇಕು. ಅವನೇ ವೃಂದದ ನಿರ್ದೇಶಕ. ಅವನ ಕೈಯಲ್ಲಿರುವ ಪುಟ್ಟ ಕೋಲಿನಿಂದ ಯಾವ ನಾದವೂ ಬರುವುದಿಲ್ಲ. ಆದರೂ ಇಡೀ ನಾದ ಅವನ ಜವಾಬ್ದಾರಿ.

ಇಂಥ ನಿರ್ದೇಶಕರಲ್ಲಿ ಹೆಸರಾದ ಕೆಲವರು ಚೆಲ್ಲೊ ವಾದಕರಾಗಿದ್ದು ಮೇಲೆ ಬಂದವರು. ಇಟಲಿಯ ತೊಸ್ಕಾನಿನಿಯ ಕಥೆ ಪ್ರಸಿದ್ಧವಾದದ್ದು. ಆತ ಹುಟ್ಟಿದ್ದು 1867ರಲ್ಲಿ. 1886ರಲ್ಲಿ, ಹತ್ತೊಂಬತ್ತರ ಹುಡುಗನಾಗಿದ್ದಾಗ, ಒಂದು ಸಂಗೀತನಾಟಕ ಮಂಡಳಿಯ ಜೊತೆಗೆ ಚೆಲ್ಲೊ ನುಡಿಸುವವನಾಗಿ ಬ್ರೆಜಿಲ್ ದೇಶದ ರಿಯೊ ನಗರಕ್ಕೆ ಹೋಗಿದ್ದ. ಅಲ್ಲಿ ನಿರ್ದೇಶಕನಿಗೂ ಮಂಡಳಿಗೂ ಮನಸ್ತಾಪವಾಯಿತು. ‘ಐದಾ’ ನಾಟಕದ ರಾತ್ರಿ ಬದಲಿಗೆ ಬಂದವರನ್ನು ಪ್ರೇಕ್ಷಕರು ಕೂಗಿ ಕೆಳಗಿಳಿಸಿದರು. ಕೊನೆಗೆ ಜೊತೆಯವರು ಈ ಹುಡುಗನನ್ನು ಮುಂದಕ್ಕೆ ದೂಡಿದರು. ಅವನು ಪುಸ್ತಕವನ್ನು ಮುಚ್ಚಿಟ್ಟು, ಇಡೀ ನಾಟಕವನ್ನು ಬಾಯಿಪಾಠದಿಂದಲೇ ನಡೆಸಿದ. ಅಂದಿನಿಂದ ಅರವತ್ತೆಂಟು ವರ್ಷ ಅವನು ನಿರ್ದೇಶಕನ ಪೀಠದಲ್ಲಿ ನಿಂತ. ಇಂಗ್ಲೆಂಡಿನ ಬಾರ್ಬಿರೋಲಿಯೂ ಚೆಲ್ಲೊ ಬಿಟ್ಟು ಕೋಲು ಹಿಡಿದವರೇ. ಸ್ಪೇನಿನ ಪಾಬ್ಲೊ ಕಸಾಲ್ಸ್ ಎರಡನ್ನೂ ಬಿಡದೆ ನಡೆಸಿದವರು. ಅವರು 1920ರಲ್ಲಿ ಬಾರ್ಸಿಲೋನಾ ನಗರದಲ್ಲಿ ತಮ್ಮ ಗಳಿಕೆಯ ಹಣವನ್ನೇ ಸುರಿದು ಒಂದು ವೃಂದವನ್ನು ಕಟ್ಟಿದರು.

ಹಣವನ್ನು ಸುರಿದು ಎಂದೆ. ಅಲ್ಲಿಯೇ ಇರುವುದು ತೊಡಕು. ವೀಣೆಯೊಂದಿದ್ದರೆ ವೈಣಿಕ ಮರದ ಕೆಳಗೆ ಕೂತು ನುಡಿಸಬಲ್ಲ. ನಿರ್ದೇಶಕನಿಗೆ ಎಂಬತ್ತು ಜನ ಬೇಕು. ಆ ಎಂಬತ್ತು ಜನಕ್ಕೆ ಸಂಬಳ ಬೇಕು, ಅಭ್ಯಾಸಕ್ಕೆ ಸಭಾಂಗಣ ಬೇಕು, ಬರೆದ ಪುಸ್ತಕಗಳು ಬೇಕು. ಟಿಕೆಟ್ಟಿನ ಹಣದಿಂದ ಇದೆಲ್ಲ ನಡೆಯುವುದು ಕಷ್ಟ. ಯಾರಾದರೂ ಕೈಹಿಡಿಯಬೇಕು.

ಈಗ ಮೈಸೂರಿಗೆ ಬರೋಣ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಎರಡು ಬಗೆಯ ವಾದ್ಯವೃಂದಗಳಿದ್ದವು. ಒಂದು ಪಾಶ್ಚಾತ್ಯ ಕ್ರಮದ್ದು. ಇನ್ನೊಂದು ನಮ್ಮ ರಾಗಗಳನ್ನೇ ಹಲವು ವಾದ್ಯಗಳಲ್ಲಿ ನುಡಿಸುವ ಕರ್ನಾಟಕ ವೃಂದ. ಪಾಶ್ಚಾತ್ಯ ವೃಂದವನ್ನು ಆಟೋ ಶ್ಮಿಟ್ ಎಂಬ ಯೂರೋಪಿನ ನಿರ್ದೇಶಕರು ನಡೆಸುತ್ತಿದ್ದರು. ಕರ್ನಾಟಕ ವೃಂದದ ಹೊಣೆ ವೀಣೆ ವೆಂಕಟಗಿರಿಯಪ್ಪನವರದು. ವೆಂಕಟಗಿರಿಯಪ್ಪನವರು ಹೆಗ್ಗಡದೇವನಕೋಟೆಯವರು, ವೀಣೆ ಶೇಷಣ್ಣನವರ ಶಿಷ್ಯರು. ಒಬ್ಬರೇ ಕೂತು ನುಡಿಸಿದರೆ ಉತ್ತಮ ವೈಣಿಕರು. ವೃಂದದ ಮುಂದೆ ನಿಂತರೆ ಅದಕ್ಕೆ ಬೇಕಾದ ಹೊಸ ರಚನೆಗಳನ್ನು ತಾವೇ ಮಾಡಿಕೊಡಬಲ್ಲವರು. ಪಡುವಣದಲ್ಲಿ ಚೆಲ್ಲೊ ವಾದಕ ನಿರ್ದೇಶಕನಾಗುವುದಕ್ಕೆ ನಮ್ಮಲ್ಲಿ ಜೋಡಿ ಹುಡುಕುವುದಾದರೆ ಮೊದಲು ನೆನಪಾಗಬೇಕಾದವರು ಇವರು.

ಮಹಾರಾಜರು ತಾವೂ ಪಿಟೀಲು, ವೀಣೆ, ಪಿಯಾನೊ ಮೊದಲಾದ ಹಲವು ವಾದ್ಯಗಳನ್ನು ಕಲಿತಿದ್ದರು. ಅವರ ಆಸ್ಥಾನಕ್ಕೆ ಉತ್ತರಾದಿ ಸಂಗೀತದವರೂ ಬರುತ್ತಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ಕಿರಾಣಾ ಘರಾಣೆಯ ಬೀಜ ಬಿತ್ತಿದ ಖಾನ್‌ಸಾಹೇಬ್ ಅಬ್ದುಲ್ ಕರೀಂಖಾನರು ಅಲ್ಲಿ ಮನ್ನಣೆ ಪಡೆದವರು. 1902ರಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ ದೇಶಕ್ಕೆಲ್ಲ ಮನೆಮಾತಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿಯೇ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಇಂಥ ಅರಮನೆಯಲ್ಲಿ, ನಾಲ್ವಡಿಯವರ ತಮ್ಮಂದಿರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗನಾಗಿ, 1919ರ ಜುಲೈ 18ರಂದು ಜಯಚಾಮರಾಜೇಂದ್ರರು ಹುಟ್ಟಿದರು. ಹುಡುಗನಿಗೆ ಪಿಯಾನೊ ಎಂದರೆ ಪ್ರಾಣ. ಮನೆಗೆ ಒಪ್ಪುವ ಹವ್ಯಾಸವೆಂಬಂತೆ ಕಲಿತದ್ದಲ್ಲ. ಕ್ರಮವಾಗಿ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಸಭೆಗಳಲ್ಲಿ ನುಡಿಸುವ ಪಿಯಾನೊ ವಾದಕನಾಗಬೇಕೆಂಬುದು ಅವರ ಆಸೆಯಾಗಿತ್ತು. 1938ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪದವಿ ಮುಗಿಯಿತು. ಮರುವರ್ಷ ಯೂರೋಪಿನ ಪ್ರವಾಸವೂ ಆಯಿತು.

ಆಮೇಲೆ ಬಂದದ್ದು 1940. ಆ ವರ್ಷದ ಮಾರ್ಚಿಯಲ್ಲಿ ತಂದೆ ಯುವರಾಜರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನವರಾದ ಮಹಾರಾಜರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಇಪ್ಪತ್ತೊಂದು ವರ್ಷದ ಜಯಚಾಮರಾಜೇಂದ್ರರಿಗೆ ಪಟ್ಟವಾಯಿತು. ಪಿಯಾನೊ ವಾದಕನ ಬಾಳು ದಿನಕ್ಕೆ ಏಳೆಂಟು ಗಂಟೆಯ ಸಾಧನೆಯನ್ನು ಬೇಡುವ ಬಾಳು. ಊರಿಂದೂರಿಗೆ ತಿರುಗುವ ಬಾಳು. ಸಿಂಹಾಸನದ ಮೇಲೆ ಕೂತವರಿಗೆ ಅದು ಸಲ್ಲುವುದಿಲ್ಲ. ಆ ಕನಸು ಅಲ್ಲಿಗೆ ಮುಗಿಯಿತು.

ಸಾಧಾರಣವಾಗಿ ಇಂಥ ಕಡೆ ಕಥೆಯೂ ಮುಗಿಯುತ್ತದೆ. ಎಷ್ಟೋ ಮಂದಿ ಚಿಕ್ಕಂದಿನಲ್ಲಿ ಹಾಡು ಕಲಿತು, ಹೊಣೆ ಹೆಗಲಿಗೆ ಬಿದ್ದ ಮೇಲೆ ಬಿಟ್ಟುಬಿಟ್ಟಿರುತ್ತಾರೆ. ಇವರು ನುಡಿಸುವವರಾಗುವ ಬದಲು ಕೇಳುವವರಾದರು. ಕೇಳುವುದನ್ನೂ ಸಾಧನೆಯೆಂದೇ ತಿಳಿದರು. ಲೋಕದಲ್ಲಿ ಎಲ್ಲಿ ಒಳ್ಳೆಯ ಸಂಗೀತದ ಗ್ರಾಮಫೋನ್ ತಟ್ಟೆ ಹೊರಬಂದರೂ ಅದು ಮೈಸೂರಿಗೆ ಬಂದು ಸೇರುತ್ತಿತ್ತು. ತಟ್ಟೆಗಳಿಗಾಗಿ ದೊಡ್ಡ ಭಂಡಾರ, ಕೇಳುವುದಕ್ಕೆ ಬಗೆಬಗೆಯ ಧ್ವನಿವರ್ಧಕಗಳು, ನುಡಿಸುವುದಕ್ಕೆ ಸಭಾಮಂದಿರದ ಗಾತ್ರದ ಪಿಯಾನೊಗಳು ಅರಮನೆಯಲ್ಲಿದ್ದವು.

ಕೇಳುತ್ತ ಕೇಳುತ್ತ ಅವರಿಗೊಂದು ಕೊರತೆ ಕಂಡಿತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರರ ಕೃತಿಗಳು ಅವರಿಗೆ ಬಹಳ ಪ್ರಿಯವಾಗಿದ್ದವು. ಆದರೆ ಅವುಗಳ ತಟ್ಟೆಗಳು ಸಿಕ್ಕುತ್ತಿರಲಿಲ್ಲ.

ಮೆಟ್ನರರ ವಿಷಯ ಇಲ್ಲಿ ನಾಲ್ಕು ಮಾತು ಹೇಳಬೇಕು. ಅವರು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವರು. ಅಲ್ಲಿನ ಸಂಗೀತಶಾಲೆಯಲ್ಲಿ ಪಿಯಾನೊ ವಾದನಕ್ಕೆ ಚಿನ್ನದ ಪದಕ ಪಡೆದವರು. ಪ್ರಖ್ಯಾತರಾದ ರಾಖ್ಮಾನಿನೊವರ ಗೆಳೆಯರು. ಈ ಇಬ್ಬರು ಗೆಳೆಯರು ಪಿಯಾನೊ ಮತ್ತು ವೃಂದಕ್ಕಾಗಿ ಬರೆದ ಒಂದೊಂದು ದೊಡ್ಡ ಕೃತಿಯನ್ನು ಪರಸ್ಪರ ಅರ್ಪಿಸಿಕೊಂಡಿದ್ದರು. 1921ರಲ್ಲಿ ಮೆಟ್ನರ್ ರಷ್ಯ ಬಿಟ್ಟರು. ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ ಕಷ್ಟಪಟ್ಟು, ಕಡೆಗೆ ಲಂಡನ್ನಿನ ಒಂದು ಸಣ್ಣ ಮನೆಯಲ್ಲಿ ನೆಲೆಸಿದರು. ಕಾಲ ಬದಲಾಗಿತ್ತು. ಹೊಸ ಮಾದರಿಯ ಸಂಗೀತ ಬಂದಿತ್ತು. ಇವರು ಹಳೆಯ ಸಂಪ್ರದಾಯವನ್ನು ಬಿಡಲೊಲ್ಲದವರು. ಯುದ್ಧ ಬಂದದ್ದರಿಂದ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಪಾಠ ಹೇಳಿಕೊಂಡು ದಿನ ತಳ್ಳಬೇಕಾಯಿತು. 1942ರಲ್ಲಿ ಹೃದಯದ ಬೇನೆಯೂ ಅಂಟಿತು. ತಮ್ಮ ಕೃತಿಗಳು ತಮ್ಮೊಡನೆಯೇ ಮುಗಿದುಹೋಗುವುವೆಂದು ಅವರು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಅಂಥ ಹೊತ್ತಿಗೆ, ಎಂದೂ ಕಂಡರಿಯದ ಮೈಸೂರಿನಿಂದ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ತಟ್ಟೆಗಳಲ್ಲಿ ಹಿಡಿದಿಡಬೇಕು, ಖರ್ಚೆಲ್ಲ ನಮ್ಮದು, ಎಂಬ ಮಾತು ಬಂತು.

ಈ ಕೆಲಸಕ್ಕೆ ನಡುವೆ ನಿಂತವರು ವಾಲ್ಟರ್ ಲೆಗ್ ಎಂಬುವರು. ಅವರು ಲಂಡನ್ನಿನ ಗ್ರಾಮಫೋನ್ ಕಂಪನಿಯಲ್ಲಿ ಧ್ವನಿಮುದ್ರಣಗಳ ಹೊಣೆ ಹೊತ್ತವರು. ಮಾತು ನಿಷ್ಠುರ, ಕಿವಿ ಸೂಕ್ಷ್ಮ. ಮಹಾರಾಜರ ಕರೆಯ ಮೇಲೆ ಅವರು ಮೈಸೂರಿಗೆ ಬಂದರು, ಕೆಲವು ವಾರ ಅರಮನೆಯ ಅತಿಥಿಯಾಗಿದ್ದರು. ಇನ್ನೂ ಮೂವತ್ತು ತುಂಬದ ಮಹಾರಾಜರ ತಟ್ಟೆಗಳ ಭಂಡಾರವನ್ನೂ ಸಂಗೀತಜ್ಞಾನವನ್ನೂ ಕಂಡು ಬೆರಗಾದದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ಮಾತುಕತೆಯಲ್ಲಿ ತೀರ್ಮಾನವಾದ ಸಂಗತಿಗಳು ಎರಡು. ಮೊದಲನೆಯದು ಮೆಟ್ನರರ ಕೃತಿಗಳ ಮುದ್ರಣ. ಎರಡನೆಯದು ಲೆಗ್ ಅವರು ಹೊಸದಾಗಿ ಕಟ್ಟಿದ್ದ ಒಂದು ವಾದ್ಯವೃಂದಕ್ಕೆ ನೆರವು.

ಆ ವೃಂದದ ಹೆಸರು ಫಿಲ್‌ಹಾರ್ಮೋನಿಯಾ. ಅದು ಹುಟ್ಟಿದ್ದು ಯುದ್ಧ ಮುಗಿದ 1945ರಲ್ಲಿ. ಲಂಡನ್ನು ಬಾಂಬಿನಿಂದ ಬಿದ್ದ ಕಟ್ಟಡಗಳ ಊರಾಗಿತ್ತು. ಅನ್ನಕ್ಕೂ ಬಟ್ಟೆಗೂ ಪಡಿಚೀಟಿ. ಸೈನ್ಯದ ಬ್ಯಾಂಡುಗಳಿಂದ ಬಿಡುಗಡೆಯಾಗಿ ಬರುತ್ತಿದ್ದ ಒಳ್ಳೆಯ ವಾದಕರನ್ನು ಆರಿಸಿ ಆರಿಸಿ ಲೆಗ್ ಈ ವೃಂದವನ್ನು ಕೂಡಿಸಿದರು. ಅಕ್ಟೋಬರಿನಲ್ಲಿ ನಡೆದ ಮೊದಲ ಸಭೆಯನ್ನು ನಡೆಸಿಕೊಟ್ಟವರು ಸರ್ ಥಾಮಸ್ ಬೀಚಮ್. ಅವರು ತೆಗೆದುಕೊಂಡ ಸಂಭಾವನೆ ಒಂದು ಒಳ್ಳೆಯ ಚುಟ್ಟಾ ಮಾತ್ರ ಎಂದು ಹೇಳುತ್ತಾರೆ. ಚುಟ್ಟಾ ಕೊಟ್ಟು ಒಂದು ಸಭೆ ನಡೆಸಬಹುದು. ವರ್ಷವೆಲ್ಲ ವೃಂದವನ್ನು ಸಾಕುವುದಕ್ಕಾಗದು. ವಾದಕರು ಇನ್ನೆಲ್ಲೋ ಹೊಟ್ಟೆಪಾಡು ನೋಡಿಕೊಂಡು ಹೋಗಬಹುದಾದ ಸ್ಥಿತಿ.

ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಒಪ್ಪಿದರು. ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ ಇದ್ದ ಅಂದಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,33,000 ರೂಪಾಯಿ. ಆ ವೃಂದದ ಸಭೆಗಳನ್ನು ನಡೆಸಲು ಏರ್ಪಟ್ಟ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು.

ಕೆಲಸ ಮೊದಲಾಯಿತು. 1947ರಲ್ಲಿ ಅರವತ್ತೇಳು ವರ್ಷದ ಮೆಟ್ನರರು, ಬೇನೆಯ ಹೃದಯವನ್ನಿಟ್ಟುಕೊಂಡು, ಪಿಯಾನೊ ಮತ್ತು ವೃಂದಕ್ಕಾಗಿ ತಾವು ರಚಿಸಿದ್ದ ಮೂರು ದೊಡ್ಡ ಕೃತಿಗಳನ್ನೂ ಫಿಲ್‌ಹಾರ್ಮೋನಿಯಾದೊಡನೆ ನುಡಿಸಿ ಮುದ್ರಿಸಿದರು. ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ ಆ ತಟ್ಟೆಗಳು ಹೊರಬಂದವು. ಹಾಡುಗಳೂ ಸಣ್ಣ ಕೃತಿಗಳೂ ಆದವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ಹೆಸರಾದ ಗಾಯಕಿ ಅವರ ಹಾಡುಗಳನ್ನು ಹಾಡಿದಾಗ ಪಿಯಾನೊ ನುಡಿಸಿದವರು ಸ್ವತಃ ಮೆಟ್ನರರೇ. ಅವರು ತಮ್ಮ ಮೂರನೆಯ ದೊಡ್ಡ ಕೃತಿಯನ್ನು ಕೃತಜ್ಞತೆಯ ಮಾತುಗಳೊಡನೆ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಆ ಪುಸ್ತಕವನ್ನು ಇಂದು ಲೋಕದ ಯಾವ ಮೂಲೆಯ ಪಿಯಾನೊ ವಾದಕ ತೆರೆದರೂ ಮೈಸೂರಿನ ಹೆಸರು ಕಣ್ಣಿಗೆ ಬೀಳುತ್ತದೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ನಾಲ್ಕೈದು ವರ್ಷ ತಡವಾಗಿದ್ದರೆ ಅವರ ಕೈಯ ನಾದ ನಮಗೆ ಉಳಿಯುತ್ತಿರಲಿಲ್ಲ.

ಇತ್ತ ಫಿಲ್‌ಹಾರ್ಮೋನಿಯಾಕ್ಕೆ ಲೆಗ್ ಅವರು ಆಸ್ಟ್ರಿಯ ದೇಶದ ಹರ್ಬರ್ಟ್ ಫಾನ್ ಕಾರಯನ್ನರನ್ನು ಕರೆತಂದರು. ನಾಜಿ ಪಕ್ಷದ ಸದಸ್ಯರಾಗಿದ್ದ ಕಾರಣ ಯುದ್ಧದ ನಂತರ ಕೆಲಕಾಲ ಅವರಿಗೆ ಸಾರ್ವಜನಿಕ ಸಭೆಗಳಲ್ಲಿ ಪ್ರತಿಬಂಧವಿತ್ತು. ಅದು ತೆರವಾದ ಮೇಲೆ, 1948ರಲ್ಲಿ, ಅವರು ಲಂಡನ್ನಿನ ಈ ವೃಂದದ ಮುಂದೆ ನಿಂತರು. ಮಹಾರಾಜರ ನೆರವಿನಿಂದ, ಕಂಪನಿಗಳು ಲಾಭವಿಲ್ಲವೆಂದು ಕೈಬಿಟ್ಟಿದ್ದ ಕೃತಿಗಳನ್ನು ಈ ಜೋಡಿ ಮುದ್ರಿಸಿತು. ರಷ್ಯದ ಬಾಲಾಕಿರೆವ್ ರಚಿಸಿದ ಮೊದಲ ಸಿಂಫನಿ, ಫ್ರಾನ್ಸಿನ ರೂಸೆಲ್ ರಚಿಸಿದ ನಾಲ್ಕನೆಯ ಸಿಂಫನಿ ಇಂಥವು. ಎಲ್ಲರೂ ಕೇಳುವ ಕೃತಿಗಳಿಗೆ ಯಾರಾದರೂ ಹಣ ಹಾಕುತ್ತಾರೆ. ಯಾರೂ ಕೇಳಿಸದ ಕೃತಿಗಳನ್ನು ಕೇಳಬೇಕೆಂಬುದು ಮಹಾರಾಜರ ಹಂಬಲವಾಗಿತ್ತು.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಹೆಚ್ಚು ಹೇಳಬೇಕಾದದ್ದು. ಜರ್ಮನಿಯ ಹಿರಿಯ ವಾಗ್ಗೇಯಕಾರ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಹೆಂಗಸಿನ ಕಂಠಕ್ಕೂ ವೃಂದಕ್ಕೂ ಒಪ್ಪುವಂತೆ ನಾಲ್ಕು ಹಾಡುಗಳಿಗೆ ಸಂಗೀತ ರಚಿಸಿದರು. ಮೂರರ ಸಾಹಿತ್ಯ ಹರ್ಮನ್ ಹೆಸ್ಸೆಯದು. ‘ಸಿದ್ಧಾರ್ಥ’ ಕಾದಂಬರಿಯನ್ನು ಬರೆದ ಹೆಸ್ಸೆಯೇ ಇವರು. ಇನ್ನೊಂದು ಐಖೆನ್‌ಡಾರ್ಫ್ ಎಂಬ ಹಳೆಯ ಕವಿಯದು. ಬಾಳನ್ನು ಜೊತೆಯಾಗಿ ನಡೆದ ಗಂಡಹೆಂಡಿರು ಸಂಜೆಯ ಬೆಳಕಿನಲ್ಲಿ ನಿಂತು ಮುಂದಿನ ದಾರಿಯನ್ನು ನೋಡುವ ಹಾಡು. 1949ರ ಸೆಪ್ಟೆಂಬರಿನಲ್ಲಿ ಸ್ಟ್ರೌಸ್ ತೀರಿಕೊಂಡರು. ಹಾಡುಗಳನ್ನು ಅವರು ಕೇಳಲೇ ಇಲ್ಲ. ನಾರ್ವೆಯ ಗಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಇವನ್ನು ಹಾಡಬೇಕು, ಒಳ್ಳೆಯ ನಿರ್ದೇಶಕರೂ ಒಳ್ಳೆಯ ವೃಂದವೂ ಇರಬೇಕು ಎಂಬುದು ಅವರ ಇಚ್ಛೆಯಾಗಿತ್ತು.

ಇದನ್ನು ನಡೆಸಿಕೊಡುವುದಕ್ಕೆ ಹಣದ ಖಾತರಿ ಬೇಕಿತ್ತು. 4,800 ಡಾಲರುಗಳ ಖಾತರಿಯನ್ನು ಮೈಸೂರಿನ ಮಹಾರಾಜರು ಕೊಟ್ಟರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ, ಫಿಲ್‌ಹಾರ್ಮೋನಿಯಾ ವೃಂದದೊಡನೆ ಫ್ಲಾಗ್‌ಸ್ಟಾಡ್ ಆ ಹಾಡುಗಳನ್ನು ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿದರು. ಮಹಾರಾಜರು ಅಲ್ಲಿರಲಿಲ್ಲ. ಅದನ್ನು ತಟ್ಟೆಯಲ್ಲಿ ಹಿಡಿದು ಮೈಸೂರಿಗೆ ಕಳುಹಿಸಬೇಕೆಂಬುದೊಂದೇ ಅವರು ಕೇಳಿಕೊಂಡದ್ದು. ಆ ಮುದ್ರಣ ಸವೆದು, ಕರಕರ ಸದ್ದಿನ ನಡುವೆ, ಇಂದಿಗೂ ಉಳಿದಿದೆ. ಈಗ ಲೋಕದಲ್ಲೆಲ್ಲ ಹಾಡುವ ಆ ನಾಲ್ಕು ಹಾಡುಗಳು ಮೊದಲ ದಿನ ಹೇಗೆ ಕೇಳಿಸಿದವು ಎಂದು ತಿಳಿಯಬೇಕಾದವರು ಆ ಮುದ್ರಣವನ್ನೇ ಆಶ್ರಯಿಸಬೇಕು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮೈಸೂರಿನ ಹಣ ಲಂಡನ್ನಿನ ವಾದಕರಿಗೆ ಏಕೆ ಹೋಗಬೇಕಿತ್ತು? ಆ ದಿನಗಳಲ್ಲಿ ನಮ್ಮಲ್ಲಿಯೂ ಪಡಿಚೀಟಿ ಇತ್ತು, ನಮ್ಮ ಹಳ್ಳಿಗಳಲ್ಲಿ ಶಾಲೆಯಿಲ್ಲ, ದವಾಖಾನೆಯಿಲ್ಲ ಎಂಬ ಕೊರಗಿತ್ತು. ನಮ್ಮ ಗುಲ್ಬರ್ಗದ ಸೀಮೆಯಂತೂ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿತ್ತು. ಅರಮನೆಯ ವೈಭವಕ್ಕೂ ಬಡವನ ಗುಡಿಸಲಿಗೂ ಇರುವ ದೂರವನ್ನು ಈ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಪ್ರಶ್ನೆ ನ್ಯಾಯವಾದದ್ದೇ. ಅರಸರ ಕಾಲ ಹೋಗಿ ಜನರ ಕಾಲ ಬಂದದ್ದು ಇಂಥ ಪ್ರಶ್ನೆಗಳನ್ನು ಜನ ಕೇಳಿದ್ದರಿಂದಲೇ. ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಅರಮನೆಯ ಆದಾಯಕ್ಕೆ ಮಿತಿ ಬಂತು, ಲಂಡನ್ನಿನ ನೆರವೂ ಅಲ್ಲಿಗೆ ನಿಂತಿತು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದೂ ಉಂಟು. ಅರಸರು ಹಣವನ್ನು ಕುದುರೆ ಜೂಜಿಗೆ ಸುರಿದದ್ದುಂಟು, ಒಡವೆಗಳಿಗೆ ಸುರಿದದ್ದುಂಟು, ಮೋಟಾರುಗಳಿಗೆ ಸುರಿದದ್ದುಂಟು. ಅವುಗಳಲ್ಲಿ ಇಂದು ಏನು ಉಳಿದಿದೆ? ಇಲ್ಲಿ ಒಬ್ಬ ಮುದುಕ ಸಾಯುವ ಮೊದಲು ತನ್ನ ಕೃತಿಗಳನ್ನು ತಾನೇ ನುಡಿಸಿಟ್ಟುಹೋದ. ಎಂಬತ್ತು ವಾದಕರ ಒಂದು ವೃಂದ ಚದುರಿಹೋಗದೆ ನಿಂತಿತು. ತೀರಿಕೊಂಡ ಒಬ್ಬ ಹಿರಿಯರ ಕೊನೆಯ ಹಾಡುಗಳು ಅವರು ಬಯಸಿದ ಗಾಯಕಿಯ ಬಾಯಲ್ಲಿಯೇ ಮೊದಲು ಬಂದವು. ಮತ್ತೆ, ಲಂಡನ್ನಿನ ಸಂಗೀತಕ್ಕೆ ಕೈಕೊಟ್ಟವರು ಮನೆಯ ಸಂಗೀತಕ್ಕೆ ಬೆನ್ನು ತಿರುಗಿಸಿದವರಲ್ಲ. ಮೈಸೂರು ವಾಸುದೇವಾಚಾರ್ಯರಂಥ ಹಿರಿಯರು ಅವರ ಆಸ್ಥಾನದಲ್ಲಿದ್ದರು. 1945ರ ಸುಮಾರಿಗೆ ಮಹಾರಾಜರು ತಾವೇ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸತೊಡಗಿದರು. ಸಂಸ್ಕೃತದಲ್ಲಿ, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ, ಒಟ್ಟು 94 ಕೃತಿಗಳು. ಹೆಚ್ಚು ಬಳಕೆಯಲ್ಲಿಲ್ಲದ ರಾಗಗಳಲ್ಲಿಯೂ ಅವರು ರಚಿಸಿದ್ದಾರೆ. ಯಾರೂ ಕೇಳಿಸದ ಸಿಂಫನಿಗಳನ್ನು ಹುಡುಕಿದ ಕಿವಿಯೇ ಯಾರೂ ಹಾಡದ ರಾಗಗಳನ್ನೂ ಹುಡುಕಿತು ಎನ್ನಬಹುದು. ಪಿಯಾನೊ ವಾದಕರಾಗಬೇಕೆಂದಿದ್ದವರು ಕೊನೆಗೆ ಸಂಗೀತ ಚರಿತ್ರೆಯಲ್ಲಿ ವಾಗ್ಗೇಯಕಾರರಾಗಿ ನಿಂತರು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಗುಲ್ಬರ್ಗ, ಬೀದರ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಆ ರಾಜ್ಯದ ಮೊದಲ ರಾಜ್ಯಪಾಲರಾಗಿ ಬಂದವರು ಇದೇ ಜಯಚಾಮರಾಜೇಂದ್ರ ಒಡೆಯರು. ಹಾಗೆ ಆಳಂದದವರಿಗೂ ಅಫಜಲಪುರದವರಿಗೂ ಅವರು ಪರರಾಜ್ಯದ ಅರಸರಾಗಿ ಉಳಿಯಲಿಲ್ಲ. 1964ರವರೆಗೆ ಇಲ್ಲಿದ್ದು, ಆಮೇಲೆ ಎರಡು ವರ್ಷ ಮದರಾಸಿನ ರಾಜ್ಯಪಾಲರಾಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರಿಗೆ ಫೆಲೊ ಗೌರವವನ್ನು ಸಲ್ಲಿಸಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದರ ವಯಸ್ಸಿನಲ್ಲಿ, ತೀರಿಕೊಂಡರು.

ಅವರು ಎಣ್ಣೆ ಹಾಕಿದ ದೀಪ ಏನಾಯಿತು? 1952ರಲ್ಲಿ, ಹಿಂದೆ ಹೇಳಿದ ತೊಸ್ಕಾನಿನಿ, ರಿಯೊ ನಗರದಲ್ಲಿ ಚೆಲ್ಲೊ ಕೆಳಗಿಟ್ಟು ಎದ್ದುನಿಂತಿದ್ದ ಆ ಹುಡುಗ, ಎಂಬತ್ತೈದು ವರ್ಷದ ವೃದ್ಧರಾಗಿ ಲಂಡನ್ನಿಗೆ ಬಂದರು. ಎರಡು ಸಂಜೆಗಳಲ್ಲಿ ಬ್ರಾಮ್ಸ್ ಎಂಬ ವಾಗ್ಗೇಯಕಾರನ ನಾಲ್ಕೂ ಸಿಂಫನಿಗಳನ್ನು ನಡೆಸಿದರು. ಅವರ ಮುಂದೆ ಕೂತು ನುಡಿಸಿದ ವೃಂದ ಫಿಲ್‌ಹಾರ್ಮೋನಿಯಾ. ಕಟ್ಟಿ ಏಳು ವರ್ಷವಾಗಿದ್ದ ವೃಂದಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕಿರಲಿಲ್ಲ. 1964ರಲ್ಲಿ ಲೆಗ್ ಅವರು ವೃಂದವನ್ನು ನಿಲ್ಲಿಸುವುದಾಗಿ ಸಾರಿದರು. ಆಗ ವಾದಕರೆಲ್ಲ ಒಗ್ಗೂಡಿ, ತಮ್ಮ ವೃಂದವನ್ನು ತಾವೇ ನಡೆಸಿಕೊಳ್ಳುತ್ತೇವೆಂದು ನಿಂತರು. ಕೆಲವು ವರ್ಷ ನ್ಯೂ ಫಿಲ್‌ಹಾರ್ಮೋನಿಯಾ ಎಂದು ಕರೆದುಕೊಂಡು, 1977ರಲ್ಲಿ ಹಳೆಯ ಹೆಸರನ್ನೇ ಮರಳಿ ಪಡೆದರು. ಆ ವೃಂದ ಇಂದಿಗೂ ನುಡಿಸುತ್ತಿದೆ. ಮೆಟ್ನರರ ಕೃತಿಗಳನ್ನು ಹೊಸ ತಲೆಮಾರಿನ ಪಿಯಾನೊ ವಾದಕರು ಒಂದೊಂದಾಗಿ ಮತ್ತೆ ನುಡಿಸಿ ಮುದ್ರಿಸಿದ್ದಾರೆ.

ಕೊನೆಯದಾಗಿ ಒಂದು ಮಾತು. ‘ಆಕಾಶವಾಣಿ’ ಎಂಬ ಹೆಸರು ನಮ್ಮ ದೇಶದ ರೇಡಿಯೋಗೆ ಬರುವ ಮೊದಲೇ ಮೈಸೂರಿನಲ್ಲಿ ಬಳಕೆಯಲ್ಲಿತ್ತು. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಒಂದು ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ಆರಂಭಿಸಿದ ನಿಲಯದ ಹೆಸರು ಅದು. ಗುಲ್ಬರ್ಗದಲ್ಲಿ ಆಕಾಶವಾಣಿ ನಿಲಯ ಬಂದದ್ದು 1966ರಲ್ಲಿ. ಅರಮನೆಯ ಭಂಡಾರದಲ್ಲಿ ಒಬ್ಬರಿಗಾಗಿ ಕೂಡಿಟ್ಟಿದ್ದಂಥ ನಾದ ಇಂದು ಗುಂಡಿ ತಿರುಗಿಸಿದ ಯಾರ ಮನೆಗಾದರೂ ಬರುತ್ತದೆ. ಎಣ್ಣೆ ಕೊಡುವ ಕೆಲಸವೂ ಹಾಗೆಯೇ ಒಬ್ಬ ಅರಸರ ಕೈಯಿಂದ ನಮ್ಮೆಲ್ಲರ ಕೈಗೆ ಬಂದಿದೆ. ನಮಗೆ ಹತ್ತು ಸಾವಿರ ಪೌಂಡು ಕೊಡಲಾಗದು. ಆದರೆ ಊರಿನಲ್ಲಿ ಸಾರಂಗಿ ನುಡಿಸುವ ಕೊನೆಯ ಮುದುಕರೊಬ್ಬರಿದ್ದರೆ ಅವರೆದುರು ಒಂದು ಗಂಟೆ ಕೂತು ಕೇಳಬಹುದು; ಅವರ ನಾದವನ್ನು ಹಿಡಿದಿಡುವ ಏರ್ಪಾಡು ಮಾಡಬಹುದು. ಹಂತಿಯ ಪದ ಬಲ್ಲ ಅಜ್ಜಂದಿರನ್ನು ಮೊಮ್ಮಕ್ಕಳ ನಡುವೆ ಕೂರಿಸಿ ಹಾಡಿಸಬಹುದು. ಸಂಗೀತಶಾಲೆಯ ಹುಡುಗನಿಗೆ ತಂತಿ ಕೊಳ್ಳಲು ನಾಲ್ಕು ಕಾಸು ಕೊಡಬಹುದು. ಮೆಟ್ನರರು ನುಡಿಸಿ ಮುಗಿಸಿದ್ದು ತೀರಿಕೊಳ್ಳುವ ಸ್ವಲ್ಪ ಮೊದಲು. ನಮ್ಮ ಊರಿನ ಮುದುಕರಿಗೂ ವಯಸ್ಸಾಗಿದೆ. ಈ ಕೆಲಸವನ್ನು ಮುಂದಿನ ವರ್ಷಕ್ಕೆಂದು ಇಟ್ಟುಕೊಳ್ಳುವುದು ಬೇಡ.